ಸೋರುವ ಫ್ರಿಜ್ಜು, ನೀರಿನ ಜಾಡು



ನಾನು ಮದುವೆಯಾಗಿ ಬಂದ ಊರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ದೇವಸ್ಥಾನ ನೋಡಲು ಬಂದವರಿಗೆ ನಮ್ಮೂರು ಗೊತ್ತಿರುತ್ತದೆ. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ ಇಲ್ಲಿದೆ, ಸದಾಶಿವನ ಗುಡಿಯೂ ಇದೆ. ಸುತ್ತ ತೆಂಗಿನ ತೋಟ. ನಮ್ಮದು ಹಳೆಯ ಮನೆ, ಅಡುಗೆಮನೆಗೆ ಕೆಂಪು ಗಾರೆ ನೆಲ. ಆ ನೆಲದ ಮೇಲೆ, ಸೋನೆ ಹಿಡಿದ ಒಂದು ಆಷಾಢದ ಬೆಳಿಗ್ಗೆ, ಹರಿವಾಣದಗಲ ನೀರು ನಿಂತಿತ್ತು.

ಮೊದಲ ದಿನ ಮಗಳ ಮೇಲೆ ಅನುಮಾನ ಬಂತು, ರಾತ್ರಿ ನೀರು ಕುಡಿದು ಚೊಂಬು ಚೆಲ್ಲಿರಬೇಕು ಎಂದು. ಒರೆಸಿದೆ. ಮರುದಿನವೂ ನೀರು. ಮೂರನೆಯ ದಿನ ಹೆಂಚು ನೋಡಿದೆವು, ಮಾಡು ಸೋರುತ್ತಿರಲಿಲ್ಲ. ನಾಲ್ಕನೆಯ ದಿನ ಗೊತ್ತಾಯಿತು, ನೀರು ಬರುತ್ತಿದ್ದದ್ದು ಫ್ರಿಜ್ಜಿನಿಂದ. ಪಟ್ಟಣದಿಂದ ಒಬ್ಬ ಮೆಕ್ಯಾನಿಕ್ ಬಂದರು. ಬಾಗಿಲು ತೆಗೆದು ಒಂದು ಸಲ ಒಳಗೆ ನೋಡಿ, "ಗ್ಯಾಸ್ ಲೀಕ್ ಆಗಿದೆ ಮೇಡಂ, ಗ್ಯಾಸ್ ತುಂಬಿಸಬೇಕು, ಎರಡೂವರೆ ಸಾವಿರ ಆಗುತ್ತೆ" ಎಂದರು. ಹಿಂದೆ ತಿರುಗಿಸಿ ನೋಡಲಿಲ್ಲ. ಫ್ರಿಜ್ಜು ತಣ್ಣಗಿದೆಯೇ ಎಂದೂ ಕೇಳಲಿಲ್ಲ. ನಮ್ಮ ಫ್ರಿಜ್ಜು ತಣ್ಣಗೇ ಇತ್ತು. ಹಾಲು ಕೆಟ್ಟಿರಲಿಲ್ಲ, ಮಂಜುಗಡ್ಡೆ ಕಟ್ಟುತ್ತಿತ್ತು. ತಣ್ಣಗಿರುವ ಫ್ರಿಜ್ಜಿನಲ್ಲಿ ಗ್ಯಾಸ್ ಹೋಗಿರುವುದು ಹೇಗೆ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆದರೂ ಆ ಪ್ರಶ್ನೆ ನನ್ನ ಬಾಯಿಂದ ಆಗ ಬರಲಿಲ್ಲ. ಬಂದದ್ದು ನಮ್ಮ ಅತ್ತೆಯ ಬಾಯಿಂದ, ಬೇರೆ ರೂಪದಲ್ಲಿ.

ಅತ್ತೆ ಜೀವಮಾನವೆಲ್ಲ ತೋಟದಲ್ಲಿ ನೀರು ಕಟ್ಟಿದವರು. ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ತಿರುಗಿಸುವಾಗ ಎಲ್ಲೋ ಬದು ಒಡೆದು ನೀರು ಸೋರಿದರೆ, ಬಗ್ಗಿ ಮಣ್ಣು ನೋಡಿಯೇ ಎಲ್ಲಿಂದ ಸೋರಿತು ಎಂದು ಹೇಳಬಲ್ಲವರು. ಮೆಕ್ಯಾನಿಕ್ ಹೋದ ಮೇಲೆ ಹೇಳಿದರು: "ಕಾಸು ಆಮೇಲೆ ಕೊಡೋಣಂತೆ ಕಣವ್ವ. ಮೊದ್ಲು ಈ ನೀರು ಎಲ್ಲಿಂದ ಹೊಂಟೈತೆ ನೋಡು. ಮುಂದ್ಲಿಂದ ಬತ್ತೈತೋ, ಹಿಂದ್ಲಿಂದ ಬತ್ತೈತೋ? ಅದು ಗೊತ್ತಾಗ್ದೆ ಬದು ಎಲ್ಲಿ ಕಟ್ತೀಯ?"

"ಹೇಗೆ ನೋಡೋದು ಅತ್ತೆ, ರಾತ್ರಿಯೆಲ್ಲ ಕೂತು ಕಾಯೋಕಾಗುತ್ತಾ?"

"ಪೇಪರ್ ಹಾಸು."

ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಫ್ರಿಜ್ಜಿನ ಮುಂದೆ, ಎರಡೂ ಪಕ್ಕ, ಕೈ ಹೋದಷ್ಟು ಹಿಂದೆ ಹಾಸಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಹಾಳೆ ಒಣಗಿತ್ತು. ಮುಂದಿನದು, ಬಾಗಿಲಿನ ಕೆಳಗಿದ್ದದ್ದು, ತೊಯ್ದು ನೆಲಕ್ಕೆ ಅಂಟಿಕೊಂಡಿತ್ತು. ನಾನು ಇವತ್ತು ಹೇಳಬೇಕೆಂದಿರುವುದರಲ್ಲಿ ಅರ್ಧ ಭಾಗ ಈ ಪೇಪರ್ ಹಾಳೆಯಲ್ಲಿದೆ. ಇದಕ್ಕೆ ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಡ. ಫ್ರಿಜ್ಜು ಸೋರುತ್ತಿದೆ ಎಂದು ಅನಿಸಿದ ದಿನವೇ ಹಾಸಬಹುದು.

ಈ ನೀರು ಬರುವುದಾದರೂ ಎಲ್ಲಿಂದ? ನಮ್ಮ ಕಡೆಯ ಮನೆಗಳಲ್ಲಿರುವ ಬಹುತೇಕ ಫ್ರಿಜ್ಜುಗಳಿಗೆ ನಲ್ಲಿಯ ಸಂಪರ್ಕವೇ ಇರುವುದಿಲ್ಲ. ನಾವು ಇಟ್ಟ ಬಾಟಲಿ ಒಡೆದಿಲ್ಲ, ಪಾತ್ರೆ ಚೆಲ್ಲಿಲ್ಲ. ಆದರೂ ನೀರಿದೆ. ಅದು ಗಾಳಿಯ ನೀರು. ಬೇಸಿಗೆಯಲ್ಲಿ ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುತ್ತದಲ್ಲ, ಅದೇ ನೀರು. 25 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅದನ್ನೇ 5 ಡಿಗ್ರಿಗೆ ತಣಿಸಿದರೆ ಹಿಡಿಯುವುದು 7 ಗ್ರಾಂಗಿಂತ ಕಡಿಮೆ. ಮಿಕ್ಕಿದ್ದು ನೀರಾಗಿ ಇಳಿಯಲೇಬೇಕು. ಮಳೆಗಾಲದ ತೇವದ ಗಾಳಿಯಲ್ಲಿ, 190 ಲೀಟರಿನ ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನ ಗಾಳಿಯೆಲ್ಲ ಬದಲಾಯಿತು ಎಂದುಕೊಳ್ಳಿ, ಒಂದು ಸಲಕ್ಕೆ ಎರಡು ಗ್ರಾಂನಷ್ಟು ನೀರು ಒಳಗೆ ಉಳಿಯುತ್ತದೆ. ದಿನಕ್ಕೆ ಮೂವತ್ತು ಸಲ ತೆಗೆದರೆ ಅರವತ್ತು ಗ್ರಾಂ, ಅಂದರೆ ಒಂದು ಸಣ್ಣ ಕಾಫಿ ಲೋಟ. ಇದರ ಜೊತೆಗೆ ತೊಳೆದು ಹಾಗೇ ಇಟ್ಟ ಸೊಪ್ಪಿನ ನೀರು, ಮುಚ್ಚಳವಿಲ್ಲದ ಸಾರಿನ ಪಾತ್ರೆಯ ಆವಿ, ಬಿಸಿ ಆರದ ಅನ್ನದ ಹಬೆ.

ಅಂದರೆ ಪ್ರತಿಯೊಂದು ಫ್ರಿಜ್ಜಿನಲ್ಲೂ ಪ್ರತಿದಿನ ನೀರು ಹುಟ್ಟುತ್ತದೆ. ಚೆನ್ನಾಗಿರುವ ಫ್ರಿಜ್ಜಿನಲ್ಲೂ ಹುಟ್ಟುತ್ತದೆ. ಅದನ್ನು ಹೊರಗೆ ಕಳಿಸಲು ಕಟ್ಟಿದವರು ಒಂದು ದಾರಿ ಮಾಡಿದ್ದಾರೆ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಗರ್ಭಗುಡಿಯ ಗೋಡೆಯಿಂದ ಹೊರಗೆ ಬರಲು ಸೋಮಸೂತ್ರ ಇರುತ್ತದೆ. ಪ್ರದಕ್ಷಿಣೆ ಹೋಗುವವರು ಅದನ್ನು ದಾಟದೆ ಹಿಂದಿರುಗುತ್ತಾರೆ, ಅಷ್ಟು ಮರ್ಯಾದೆ ಆ ನೀರಿನ ದಾರಿಗೆ. ಫ್ರಿಜ್ಜಿನೊಳಗೂ ಅಂಥದೊಂದು ದಾರಿ ಇದೆ: ಮೇಲೆ ಕರಗಿದ ನೀರು ಹಿಂದಿನ ಗೋಡೆಯ ಮೇಲೆ ಇಳಿದು, ಕೆಳಗಿನ ಸಣ್ಣ ಕಾಲುವೆಗೆ ಬಂದು, ಅದರ ನಡುವಿನ ತೂತಿನಿಂದ ಕೊಳವೆಗೆ ಹೋಗಿ, ಫ್ರಿಜ್ಜಿನ ಬೆನ್ನಿನ ಕಡೆ ಕಂಪ್ರೆಸರ್ ಮೇಲಿರುವ ತಟ್ಟೆಗೆ ಬೀಳುತ್ತದೆ. ಕಂಪ್ರೆಸರಿನ ಬಿಸಿಗೆ ಆ ನೀರು ಆವಿಯಾಗಿ ಹೋಗುತ್ತದೆ. ಈ ದಾರಿ ಸರಿಯಿದ್ದರೆ ಹತ್ತು ವರ್ಷವಾದರೂ ನಮಗೆ ಒಂದು ಹನಿ ನೀರು ಕಾಣುವುದಿಲ್ಲ. ಸೋರುವ ಫ್ರಿಜ್ಜೆಂದರೆ ಬಹುಮಟ್ಟಿಗೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ನೀರು ಕಟ್ಟಿಕೊಂಡ ಫ್ರಿಜ್ಜು.

ಕೈ ಹಾಕುವ ಮೊದಲು ಒಂದು ಮಾತನ್ನು ಬಹಳ ಒತ್ತಿ ಹೇಳುತ್ತೇನೆ. ಪ್ಲಗ್ ಕಿತ್ತು ಹೊರಗೆ ಹಾಕಿ. ಸ್ವಿಚ್ ಆರಿಸಿದರೆ ಸಾಲದು. ನೆಲ ಒದ್ದೆಯಿದ್ದರೆ ಮೊದಲು ಮನೆಯ ಮೈನ್ ಆರಿಸಿ, ಒರೆಸಿ, ಕಾಲಿಗೆ ಒಣ ಚಪ್ಪಲಿ ಹಾಕಿ ಆಮೇಲೆ ಪ್ಲಗ್ ಮುಟ್ಟಿ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಗೆ ತಂತಿಯೇ ಇರುವುದಿಲ್ಲ. ಅರ್ತಿಂಗ್ ಗುಂಡಿ ತೋಡಿಸಿದ್ದರೂ ಬೇಸಿಗೆಯಲ್ಲಿ ಒಣಗಿ ಕೆಲಸ ಮಾಡುವುದಿಲ್ಲ. ಫ್ರಿಜ್ಜಿನ ಬಾಗಿಲು ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ, ಅದು ಎಷ್ಟು ಸಣ್ಣದಾಗಿದ್ದರೂ, ಸೋರುವ ವಿಷಯ ಪಕ್ಕಕ್ಕಿಡಿ, ಮೊದಲು ವೈರಿಂಗ್ ಕೆಲಸದವರನ್ನು ಕರೆಸಿ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ದಿನಕ್ಕೆ ಮೂವತ್ತು ಸಲ ಆ ಬಾಗಿಲು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ಮೀಟರ್ ಬೋರ್ಡಿನ ಹತ್ತಿರ, ಕರೆಂಟು ಸೋರಿದರೆ ತಾನಾಗಿ ಲೈನ್ ಆರಿಸುವ ಒಂದು ಆರ್‌ಸಿಸಿಬಿ ಹಾಕಿಸಿಕೊಳ್ಳಿ. 30 ಮಿಲಿ ಆಂಪಿಯರ್‌ನದು ಎಂದು ಕೇಳಿ ತನ್ನಿ. ನೀರು ಒರೆಸುವುದಕ್ಕಿಂತ ಅದು ದೊಡ್ಡ ಕೆಲಸ.

ಈಗ ನಮ್ಮ ಮನೆಯ ಫ್ರಿಜ್ಜಿಗೆ ಬರೋಣ. ಅದು ಒಂಟಿ ಬಾಗಿಲಿನದು. ಮೇಲೆ ಫ್ರೀಜರ್ ಡಬ್ಬಿ, ಅದರ ಸುತ್ತ ಐಸ್ ಕಟ್ಟುತ್ತದೆ. ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿಯ ನಡುವೆ ಒಂದು ಒತ್ತುವ ಬಟನ್ ಇರುತ್ತದೆ, ಅದು ಡೀಫ್ರಾಸ್ಟ್ ಬಟನ್. ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಐಸ್ ಕರಗುತ್ತದೆ, ಕರಗಿದ ಮೇಲೆ ಬಟನ್ ತಾನಾಗಿ ಹೊರಗೆ ಬಂದು ಫ್ರಿಜ್ಜು ಮತ್ತೆ ಶುರುವಾಗುತ್ತದೆ. ಐಸ್ ಕಾಲಂಗುಲ ದಪ್ಪ ಆಗುವಷ್ಟರಲ್ಲಿ ಒತ್ತಬೇಕು. ನಾವು ಎರಡು ತಿಂಗಳಿನಿಂದ ಒತ್ತಿರಲಿಲ್ಲ. ಫ್ರೀಜರ್ ಬಾಯಿ ಮುಚ್ಚುವ ಹಾಗೆ ಐಸ್ ಬೆಳೆದಿತ್ತು, ಅದರ ಪುಟ್ಟ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ರಾತ್ರಿ ಕರೆಂಟು ಹೋದಾಗಲೆಲ್ಲ ಆ ಐಸಿನ ರಾಶಿ ಕರಗಿ ಒಮ್ಮೆಗೇ ನೀರು ಬಿಡುತ್ತಿತ್ತು.

ಕರಗಿದರೂ ಆ ನೀರು ಹಿಂದಿನ ದಾರಿ ಹಿಡಿಯಬೇಕಿತ್ತಲ್ಲ, ಮುಂದೆ ಏಕೆ ಬಂತು? ಎಲ್ಲವನ್ನೂ ಹೊರಗಿಟ್ಟೆ. ಫ್ರೀಜರಿನ ಕೆಳಗೆ ಅಗಲದ ಒಂದು ಪ್ಲಾಸ್ಟಿಕ್ ಟ್ರೇ ಇರುತ್ತದೆ, ನಾವು ಹಾಲಿನ ಪ್ಯಾಕೆಟ್ಟು ಇಡುವುದು. ಎಷ್ಟೋ ಜನ ಅದು ಹಾಲಿಗೆಂದೇ ಮಾಡಿದ್ದು ಎಂದು ತಿಳಿದಿದ್ದಾರೆ. ಫ್ರೀಜರಿನಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಿಂದಕ್ಕೆ ಸಾಗಿಸುವುದು ಅದರ ಕೆಲಸ. ಅದಕ್ಕೆ ಹಿಂಬದಿಯಲ್ಲಿ ಒಂದು ಮೂತಿ ಇರುತ್ತದೆ. ಟ್ರೇಯನ್ನು ಪೂರ್ತಿ ಒಳಗೆ ತಳ್ಳದೆ ಎರಡು ಬೆರಳು ಹೊರಗೆ ಬಿಟ್ಟಿದ್ದರೆ ಆ ಮೂತಿಯ ನೀರು ಗೋಡೆಗೆ ಸಿಗದೆ ಕೆಳಗಿನ ತರಕಾರಿಯ ಮೇಲೆ ಬೀಳುತ್ತದೆ. ನಮ್ಮ ಟ್ರೇ ಸರಿಯಾಗಿಯೇ ಇತ್ತು.

ಮುಂದಿನದು ಕೆಳಗಿನ ತೂತು. ತರಕಾರಿ ಡಬ್ಬಿ ತೆಗೆದು, ಟಾರ್ಚು ಬಿಟ್ಟು ನೋಡಿದೆ. ಹಿಂಗೋಡೆಯ ಬುಡದ ಕಾಲುವೆಯಲ್ಲಿ ನೀರು ನಿಂತಿತ್ತು, ತೂತು ಕಾಣುತ್ತಲೇ ಇರಲಿಲ್ಲ. ಮೇಲೆ ಬಿಳಿ ಪದರ. ಚೆಲ್ಲಿದ ಹಾಲಿನ ಕೆನೆ, ಕೊತ್ತಂಬರಿ ಎಲೆ, ಹುಣಿಸೆ ನಾರು, ಎಲ್ಲ ಸೇರಿ ಲೋಳೆಗಟ್ಟಿತ್ತು. ನೀರು ಹಿಂದೆ ಹೋಗಲಾರದೆ ಕಾಲುವೆ ತುಂಬಿ, ತರಕಾರಿ ಡಬ್ಬಿಯ ಅಡಿಯಲ್ಲಿ ಹರಿದು, ಬಾಗಿಲಿನ ರಬ್ಬರಿನ ಕೆಳಗಿನಿಂದ ನೆಲಕ್ಕೆ ಇಳಿಯುತ್ತಿತ್ತು. ಅತ್ತೆ ಬಗ್ಗಿ ನೋಡಿದವರೇ, "ತೂಬಿಗೆ ಕಸ ಕಟ್ಕಂಡೈತೆ" ಎಂದರು. ಕೆರೆಯ ತೂಬಿಗೂ ಇದಕ್ಕೂ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ನನಗೂ ಈಗ ಕಾಣುವುದಿಲ್ಲ.

ಆ ತೂತು ಬಿಡಿಸಲು ಏನು ಬಳಸಬೇಕು? ಕೈಗೆ ಮೊದಲು ಸಿಗುವುದು ಕಸಬರಿಕೆಯ ಕಡ್ಡಿ. ಎಚ್ಚರಿಕೆ. ಒಣಗಿದ ಕಡ್ಡಿ ಕೊಳವೆಯ ತಿರುವಿನಲ್ಲಿ ಟಕ್ಕನೆ ಮುರಿದು ಒಳಗೇ ಉಳಿದುಬಿಟ್ಟರೆ ಕಷ್ಟ ಎರಡು ಪಟ್ಟು. ತಂತಿ ಹಾಕಬೇಡಿ, ಕೊಳವೆ ತೂತಾಗುತ್ತದೆ. ನಾವು ಆಗತಾನೇ ಬಿದ್ದ ಹಸಿ ತೆಂಗಿನ ಗರಿಯಿಂದ ಒಂದು ಉದ್ದನೆಯ ಕಡ್ಡಿ ಸೀಳಿ, ತುದಿಯ ಚೂಪು ಕತ್ತರಿಸಿ, ಮೆಲ್ಲಗೆ ತಿರುಗಿಸುತ್ತ ಬಿಟ್ಟೆವು. ಹಸಿ ಕಡ್ಡಿ ಬಳುಕುತ್ತದೆ, ಮುರಿಯುವುದಿಲ್ಲ. ಆಮೇಲೆ ಔಷಧಿ ಅಂಗಡಿಯಿಂದ ತಂದ ದೊಡ್ಡ ಸಿರಿಂಜು, ಸೂಜಿ ಇಲ್ಲದ್ದು, ಐವತ್ತು ಎಂಎಲ್ ಹಿಡಿಯುವುದು. ಸ್ನಾನಕ್ಕೆ ಸರಿಯಾಗುವಷ್ಟು ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಸಿರಿಂಜಿನಲ್ಲಿ ಎಳೆದು, ತೂತಿಗೆ ಒತ್ತಿ ಹಿಡಿದು ಬಿಟ್ಟೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಮೊದಲ ಎರಡು ಸಲ ನೀರು ನನ್ನ ಮುಖಕ್ಕೇ ಹಿಂದಿರುಗಿತು. ಮೂರನೆಯ ಸಲ ಒಳಗಿನಿಂದ ಗುಳಕ್ ಎಂದು ಒಂದು ಸದ್ದು. ಕಾಲುವೆಯಲ್ಲಿ ನಿಂತಿದ್ದ ನೀರು ಸುಳಿ ತಿರುಗಿ ಇಳಿದು ಹೋಯಿತು. ಫ್ರಿಜ್ಜಿನ ಹಿಂದೆ ಕೂತಿದ್ದ ಮಗಳು "ಬಂತು ಅಮ್ಮ, ಬಂತು, ತಟ್ಟೆಗೆ ಬಂತು" ಎಂದು ಕೂಗಿದಳು. ಎರಡೂವರೆ ಸಾವಿರದ ರಿಪೇರಿ ಮೂವತ್ತು ನಲವತ್ತು ರೂಪಾಯಿಯ ಸಿರಿಂಜಿನಲ್ಲಿ ಮುಗಿಯಿತು.

ಕೆಲಸ ಮುಗಿಸಿ ತಕ್ಷಣ ಪ್ಲಗ್ ಹಾಕಬೇಡಿ. ಕಂಪ್ರೆಸರ್ ನಿಂತ ಮೇಲೆ ಒಳಗಿನ ಒತ್ತಡ ಸಮನಾಗಲು ಐದು ನಿಮಿಷವಾದರೂ ಬೇಕು. ಅಷ್ಟರೊಳಗೆ ಶುರು ಮಾಡಿದರೆ ಅದು ಏಳಲಾರದೆ ಗುಂಯ್‌ಗುಡುತ್ತದೆ.

ಎರಡು ಬಾಗಿಲಿನ ಫ್ರಿಜ್ಜು, ಐಸ್ ಕಟ್ಟುವುದಿಲ್ಲ ಎನ್ನುತ್ತಾರಲ್ಲ ಅದು, ಸ್ವಲ್ಪ ಬೇರೆ. ಅದರಲ್ಲೂ ಐಸ್ ಕಟ್ಟುತ್ತದೆ, ನಮ್ಮ ಕಣ್ಣಿಗೆ ಕಾಣದ ಹಾಗೆ, ಫ್ರೀಜರಿನ ಹಿಂದಿನ ಹಲಗೆಯ ಮರೆಯಲ್ಲಿ. ಅಲ್ಲಿ ಒಂದು ಹೀಟರ್ ಇರುತ್ತದೆ. ಕೆಲವು ಗಂಟೆಗಳಿಗೊಮ್ಮೆ ಅದು ತಾನಾಗಿ ಉರಿದು ಐಸ್ ಕರಗಿಸಿ ನೀರನ್ನು ಕೆಳಗಿನ ದೋಣಿಗೆ ಬಿಡುತ್ತದೆ. ಆ ದೋಣಿಯ ತೂತೇ ಹೆಪ್ಪುಗಟ್ಟಿದರೆ ನೀರು ಫ್ರೀಜರಿನ ನೆಲಕ್ಕೆ ಬಂದು ಹಾಸುಗಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಕೆಳಗಿನ ಭಾಗಕ್ಕೆ ತೊಟ್ಟಿಕ್ಕುತ್ತದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹೀಗೇ ಆಗಿತ್ತು. ಫ್ರೀಜರಿನ ತಳದಲ್ಲಿ ಬಟಾಣಿ ಪ್ಯಾಕೆಟ್ಟು ಐಸಿನೊಳಗೆ ಹೂತುಹೋಗಿತ್ತು. ಈ ಗುರುತು ಕಂಡರೆ ಬೇರೆ ಪರೀಕ್ಷೆ ಬೇಡ. ಎಲ್ಲ ಸಾಮಾನು ಹೊರಗಿಟ್ಟು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು, ಕೆಳಗೆ ಹಳೇ ಬಟ್ಟೆ ಹಾಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮರೆಯಲ್ಲಿರುವ ಐಸೂ ಕರಗಬೇಕು, ಅದಕ್ಕೆ ಹೊತ್ತು ಬೇಕು. ಟೇಬಲ್ ಫ್ಯಾನ್ ತಿರುಗಿಸಿಟ್ಟರೆ ಬೇಗ ಆಗುತ್ತದೆ. ಆ ಮೇಲೆ ಫ್ರಿಜ್ಜಿನ ಬೆನ್ನಿನ ಕಡೆ, ಕೊಳವೆ ತಟ್ಟೆಗೆ ಇಳಿಯುವ ತುದಿಯಲ್ಲಿ ಒಂದು ರಬ್ಬರ್ ಮೂತಿ ಇದ್ದರೆ ಅದನ್ನು ಹಿಂಡಿ ತೊಳೆಯಿರಿ, ಧೂಳು ಲೋಳೆ ಅಲ್ಲಿ ಸೇರಿಕೊಂಡಿರುತ್ತದೆ. ಇಷ್ಟು ಮಾಡಿದ ಮೇಲೂ ಎರಡು ಮೂರು ವಾರದಲ್ಲಿ ಮತ್ತೆ ಐಸ್ ಹಾಸಿದರೆ ಹೀಟರೋ ಅದರ ಸೆನ್ಸರೋ ಕೆಟ್ಟಿದೆ ಎಂದು ಅರ್ಥ. ಆಗ ಮೆಕ್ಯಾನಿಕ್ ಬೇಕೇ ಬೇಕು. ಆ ಹಲಗೆ ಬಿಚ್ಚುವ ಕೆಲಸ ನಮ್ಮದಲ್ಲ, ಅದರ ಹಿಂದೆ ವೈರುಗಳಿವೆ.

ಐಸ್ ಬಿಡಿಸಲು ಚಾಕು ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮ ಬೀದಿಯ ಒಂದು ಮನೆಯಲ್ಲಿ ಹಬ್ಬದ ಹಿಂದಿನ ದಿನ ಅವಸರಕ್ಕೆ ಫ್ರೀಜರಿನ ಐಸನ್ನು ಚಾಕುವಿನಿಂದ ಕುಟ್ಟಿದರು. ಅಲ್ಯೂಮಿನಿಯಂ ತೆಳು. ಬುಸ್ ಎಂದು ಗ್ಯಾಸ್ ಹೋಯಿತು, ಫ್ರಿಜ್ಜೂ ಹೋಯಿತು. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಇರುವ ಅನಿಲ ಆರ್ 600ಎ, ಅಂದರೆ ಐಸೋಬ್ಯೂಟೇನ್. ಅದು ನಮ್ಮ ಅಡುಗೆ ಅನಿಲದ ಹತ್ತಿರದ ನೆಂಟ. ಪ್ರಮಾಣ ಕೆಲವು ಹತ್ತು ಗ್ರಾಂ ಅಷ್ಟೇ, ಆದರೆ ಬೆಂಕಿ ಹಿಡಿಯುವಂಥದ್ದು. ಹಿಂದೆ ಇದ್ದ ಆರ್ 12 ಬೆಂಕಿ ಹಿಡಿಯುತ್ತಿರಲಿಲ್ಲ, ಆದರೆ ಭೂಮಿಯ ಮೇಲಿನ ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಒಂದೊಂದೇ ದೇಶ ಅದನ್ನು ಬಿಟ್ಟಿತು, 1992ರಲ್ಲಿ ಭಾರತವೂ ಒಪ್ಪಂದಕ್ಕೆ ಸೇರಿತು. ನಿಮ್ಮ ಫ್ರಿಜ್ಜಿನ ಹಿಂದಿನ ಚೀಟಿಯಲ್ಲಿ ಯಾವ ಅನಿಲ ಎಂದು ಬರೆದಿರುತ್ತದೆ, ಒಮ್ಮೆ ಓದಿ ಗುರುತು ಹಾಕಿಕೊಳ್ಳಿ. ಗ್ಯಾಸ್ ಹೋದ ಶಬ್ದ ಕೇಳಿದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ, ಆ ಕೋಣೆಯ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ಗ್ಯಾಸ್ ಲೀಕಿಗೂ ನೀರು ಸೋರುವುದಕ್ಕೂ ಇರುವ ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ, ಏಕೆಂದರೆ ಇದರಿಂದ ಬಡವರ ದುಡ್ಡು ಸುಮ್ಮನೆ ಹೋಗುತ್ತಿದೆ. ಕೊಳವೆಯೊಳಗಿನ ಅನಿಲ ಹೊರಬಂದರೆ ಗಾಳಿಗೆ ಸೇರುತ್ತದೆ, ನೆಲದ ಮೇಲೆ ನೀರಾಗಿ ನಿಲ್ಲುವುದಿಲ್ಲ. ಗ್ಯಾಸ್ ಹೋದ ಫ್ರಿಜ್ಜಿನ ಲಕ್ಷಣ ಬೇರೆ: ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಇರುತ್ತದೆ, ಒಳಗೆ ತಂಪಿಲ್ಲ, ಐಸ್ ಕಟ್ಟುವುದಿಲ್ಲ ಅಥವಾ ಒಂದು ಮೂಲೆಯಲ್ಲಿ ಮಾತ್ರ ಕಟ್ಟುತ್ತದೆ, ಕೆಲವೊಮ್ಮೆ ಕೊಳವೆಯ ಬೆಸುಗೆಯ ಹತ್ತಿರ ಎಣ್ಣೆ ಜಿಡ್ಡು. ಹಾಲು ಕೆಡದೆ ಉಳಿದಿದೆ, ಐಸ್ ಎಲ್ಲ ಕಡೆ ಕಟ್ಟುತ್ತಿದೆ, ನೀರು ಮಾತ್ರ ಹೊರಗೆ ಬರುತ್ತಿದೆ ಎಂದರೆ ಗ್ಯಾಸ್ ತುಂಬಿಸಲು ಒಪ್ಪಬೇಡಿ. ಒಳ್ಳೆಯ ಮೆಕ್ಯಾನಿಕ್ಕುಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಕೈಗುಣ ನೋಡಿದ್ದೇನೆ. ಒಳ್ಳೆಯವರು ಮೊದಲು ಫ್ರಿಜ್ಜಿನ ಹಿಂದೆ ಹೋಗಿ ಕೂರುತ್ತಾರೆ. ಅದೇ ಗುರುತು.

ಪೇಪರ್ ಹಾಳೆಯಲ್ಲಿ ಮುಂದೆ ಒದ್ದೆಯಾದರೆ ಇನ್ನೂ ಎರಡು ಕಾರಣ ನೋಡಬಹುದು. ಒಂದು, ಫ್ರಿಜ್ಜು ಮುಂದಕ್ಕೆ ವಾಲಿರುವುದು. ಹಳೆಯ ಮನೆಗಳ ನೆಲ ಮಟ್ಟವಿರುವುದಿಲ್ಲ, ಅದರ ಮೇಲೆ ಪ್ಲಾಸ್ಟಿಕ್ ಸ್ಟ್ಯಾಂಡು ಬೇರೆ. ಒಳಗಿನ ಕಾಲುವೆಯ ನೀರು ಹಿಂದೆ ಹೋಗಬೇಕಾದರೆ ಫ್ರಿಜ್ಜು ಒಂದಿಷ್ಟು ಹಿಂದಕ್ಕೆ ಒರಗಿರಬೇಕು. ಬಾಗಿಲನ್ನು ಅರ್ಧ ತೆಗೆದು ಕೈ ಬಿಡಿ. ತಾನಾಗಿ ಮುಚ್ಚಿಕೊಳ್ಳುವತ್ತ ಹೋದರೆ ಸರಿಯಿದೆ, ಇನ್ನೂ ತೆರೆದುಕೊಂಡರೆ ಮುಂದಕ್ಕೆ ವಾಲಿದೆ. ಮುಂದಿನ ಕಾಲುಗಳನ್ನು ತಿರುಗಿಸಿ ಎತ್ತರಿಸಿ.

ಇನ್ನೊಂದು, ಬಾಗಿಲಿನ ರಬ್ಬರು. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಬಂದರೆ ರಬ್ಬರು ಚೆನ್ನಾಗಿದೆ, ಸಲೀಸಾಗಿ ಜಾರಿದರೆ ಆ ಜಾಗದಲ್ಲಿ ಸಂದಿ ಇದೆ. ನಾಲ್ಕೂ ಕಡೆ ನೋಡಬೇಕು, ಹಿಂಜ್ ಇರುವ ಕಡೆಯನ್ನು ಎಲ್ಲರೂ ಮರೆಯುತ್ತಾರೆ. ಸಂದಿ ಇದ್ದರೆ ಹೊರಗಿನ ತೇವದ ಗಾಳಿ ಹಗಲು ರಾತ್ರಿ ಒಳಗೆ ಹೋಗುತ್ತಿರುತ್ತದೆ, ನೀರು ಹೆಚ್ಚುತ್ತದೆ, ಕಂಪ್ರೆಸರ್ ಹೆಚ್ಚು ಓಡುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ನಿಮಗೆ ಸಿಕ್ಕ ಉಚಿತ ಯೂನಿಟ್ಟಿನ ಮಿತಿ ಇದ್ದಕ್ಕಿದ್ದಂತೆ ದಾಟುತ್ತಿದ್ದರೆ ಈ ರಬ್ಬರನ್ನೂ ಒಮ್ಮೆ ನೋಡಿ. ಎಷ್ಟೋ ಸಲ ರಬ್ಬರಿನ ಮಡಿಕೆಗಳಲ್ಲಿ ಜಿಡ್ಡು ಕಟ್ಟಿ ಅದು ಕೂರದೆ ಇರುತ್ತದೆ. ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು ಒರೆಸಿದರೆ ಸಾಕು. ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದು ನೆಟ್ಟಗೆ ಮಾಡಬಹುದು. ಹರಿದಿದ್ದರೆ ಹೊಸದೇ ಹಾಕಿಸಬೇಕು.

ಹಿಂದಿನ ಹಾಳೆ ಒದ್ದೆಯಾದರೆ ಆ ಕಂಪ್ರೆಸರ್ ಮೇಲಿನ ತಟ್ಟೆ ನೋಡಿ. ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟು ನೋಡಿ, ಅಲ್ಲಿ ಬಿಸಿ ಇರುತ್ತದೆ. ತಟ್ಟೆ ಸೀಳಿರಬಹುದು, ಜಾಗ ಬಿಟ್ಟು ಜಾರಿರಬಹುದು. ಇಲಿ ಕೊಳವೆ ಕಡಿದಿರಬಹುದು. ಕೊಬ್ಬರಿ ಅಟ್ಟ ಇರುವ ಮನೆಗಳಲ್ಲಿ ಇಲಿಗೆ ಬರ ಇಲ್ಲ, ಚಳಿಗಾಲದಲ್ಲಿ ಕಂಪ್ರೆಸರಿನ ಬಿಸುಪು ಅವಕ್ಕೆ ಬಹಳ ಪ್ರಿಯ.

ತಟ್ಟೆಯ ವಿಷಯ ಬಂದಾಗ ನನಗೆ ಫ್ರಿಜ್ಜಿಗಿಂತ ದೊಡ್ಡ ಚಿಂತೆಯೊಂದು ಇದೆ. 2024ರ ಮಳೆಗಾಲದಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಬೇಕಾಯಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆ ಬೇಡ, ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿನೀರು ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ತೊಟ್ಟಿ, ಡ್ರಮ್ಮು, ಹೂವಿನ ಕುಂಡದ ಜೊತೆಗೆ "ಫ್ರಿಜ್ ಹಿಂದೆ ಟ್ರೇ ನೋಡ್ತೀವಿ ಅಕ್ಕ" ಎನ್ನುವುದು ಇದಕ್ಕೇ. ಬೇಸರ ಮಾಡಿಕೊಳ್ಳಬೇಡಿ, ತೋರಿಸಿ. ಕೆಲವು ಫ್ರಿಜ್ಜುಗಳಲ್ಲಿ ತಟ್ಟೆ ಎಳೆದರೆ ಬರುತ್ತದೆ, ಕೆಲವುಗಳಲ್ಲಿ ಗಟ್ಟಿಯಾಗಿ ಕೂರಿಸಿರುತ್ತಾರೆ. ಬಾರದಿದ್ದರೆ ಸ್ಪಂಜಿನಲ್ಲಿ ಹೀರಿ ತೆಗೆಯಿರಿ, ಒಳಗಿನ ಗೋಡೆಯನ್ನು ಉಜ್ಜಿರಿ. ಮೊಟ್ಟೆಗಳು ನೀರಿನ ಅಂಚಿನಲ್ಲಿ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ. ಕಂಪ್ರೆಸರ್ ಸದಾ ಓಡುವ ಬೇಸಿಗೆಯಲ್ಲಿ ತಟ್ಟೆ ಒಣಗಿರುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್ ಓಡುವುದು ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು, ಹಾಗಾಗಿ ನೀರು ಆರದೆ ನಿಲ್ಲುತ್ತದೆ. ಊರಿಗೆ ಹೋಗುವಾಗ ಫ್ರಿಜ್ಜು ಆರಿಸಿ ಹೋಗುವವರು ತಟ್ಟೆ ಖಾಲಿ ಮಾಡಿ ಹೋಗಬೇಕು.

ಇನ್ನು ಫ್ರಿಜ್ಜಿನ ಹೊರಮೈಯೇ ಬೆವರುವುದು ಇದೆ. ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಬಾಗಿಲಿನ ಅಂಚಿನಲ್ಲಿ ಹನಿ ಕೂತರೆ ಗಾಬರಿ ಬೇಡ, ಒರೆಸಿಬಿಡಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ, ಬೆನ್ನಿಗೆ ಗಾಳಿಯಾಡಲಿ.

ನಮ್ಮ ಮನೆಯ ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಈ ತೂತಿನ ವಿಷಯ ಇತ್ತು. ಹನ್ನೊಂದನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಒಂದು ಸಾಲು ಇರಲಿಲ್ಲ. ಅತ್ತೆಗೆ ಓದಲು ಬಂದಿದ್ದರೂ ಅದು ಸಿಗುತ್ತಿರಲಿಲ್ಲ. ಹಳ್ಳಿಯ ಅಡುಗೆಮನೆಗೆ ಮಾರುವ ಯಂತ್ರದ ಬಳಕೆಯ ಮಾತು ಆ ಅಡುಗೆಮನೆಯ ಭಾಷೆಯಲ್ಲಿ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಕೇಳಿ: ನೀರು ಹೋಗುವ ತೂತು ಎಲ್ಲಿದೆ, ಹಿಂದಿನ ತಟ್ಟೆ ಬಿಚ್ಚಲು ಬರುತ್ತದೆಯೇ, ತೋರಿಸಿ ಎಂದು. ಬಣ್ಣ, ಸ್ಟಾರು, ಲೀಟರು ಎಲ್ಲ ಹೇಳುವವರು ಇದನ್ನೂ ತೋರಿಸಲಿ.

ಆಮೇಲೆ ನಮ್ಮ ಬೀದಿಯಲ್ಲಿ ಮೂರು ಫ್ರಿಜ್ಜುಗಳ ತೂತು ಬಿಡಿಸಿದೆ. ಎರಡರಲ್ಲಿ ಹಾಲಿನ ಕೆನೆ, ಒಂದರಲ್ಲಿ ಮಕ್ಕಳು ಅಂಟಿಸಿ ಕಿತ್ತ ಸ್ಟಿಕ್ಕರ್ ಚೂರು. ನಾಲ್ಕನೆಯದು ಪಕ್ಕದ ಬೀದಿಯ ಒಬ್ಬ ಅಜ್ಜಿಯದು. ಮಗ ಬೆಂಗಳೂರಿನಿಂದ ಕಳಿಸಿಕೊಟ್ಟ ಫ್ರಿಜ್ಜು ಕೆಟ್ಟಿತೆಂದು ಅವನಿಗೆ ಹೇಳಲು ಸಂಕೋಚಪಟ್ಟು ಅವರು ತಿಂಗಳುಗಟ್ಟಲೆ ಗೋಣಿಚೀಲ ಹಾಸಿ ನೀರು ಒರೆಸುತ್ತಿದ್ದರು. ಅದರಲ್ಲಿ ತೂತೂ ಸರಿಯಿತ್ತು, ತಟ್ಟೆಯೂ ಸರಿಯಿತ್ತು. ಸ್ಟ್ಯಾಂಡಿನ ಹಿಂದಿನ ಕಾಲುಗಳ ಕೆಳಗೆ ಯಾರೋ ಚಪ್ಪಡಿ ಚೂರು ಇಟ್ಟು ಫ್ರಿಜ್ಜು ಮುಂದಕ್ಕೆ ವಾಲಿತ್ತು. ಆ ಚೂರುಗಳನ್ನು ತೆಗೆದು ಮುಂದಿನ ಕಾಲುಗಳ ಕೆಳಗೆ ಇಟ್ಟೆವು. ಅಜ್ಜಿ, "ಇಷ್ಟೇನಾ ಟೀಚರಮ್ಮ?" ಎಂದರು. "ಇಷ್ಟೇ ಅಜ್ಜಿ" ಎಂದೆ. ಕಾಫಿ ಕೊಟ್ಟರು.

ನಮ್ಮ ಮನೆಯಲ್ಲಿ ಈಗ ಶುಕ್ರವಾರ ಹೊಸಿಲು ತೊಳೆಯುವ ದಿನವೇ ಫ್ರಿಜ್ಜಿನ ದಿನ. ಮಗಳು ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಡುತ್ತಾಳೆ, ನಾನು ಹಿಂದಿನ ತಟ್ಟೆ ಉಜ್ಜುತ್ತೇನೆ. ತಟ್ಟೆಯ ನೀರನ್ನು ಅತ್ತೆ ಹಿತ್ತಲಿಗೆ ಒಯ್ದು ಕರಿಬೇವಿನ ಪಾತಿಗೆ ಸುರಿಯುತ್ತಾರೆ.